ಗೋಡೆಯೊಳಗೆ ಜಾಗ ಕೇಳಿದ ಕರ್ಕಡ ಮಾಸ್ಟ್ರು

ಪ್ರಭುದಾಸ ಕರ್ಕಡರನ್ನು ನಾನು ಮೊದಲು ಕಂಡದ್ದು ೨೦೦೨ರ ಏಪ್ರಿಲ್, ಎರಡನೆಯ ಶನಿವಾರ. ಅಮೆರಿಕದ ಎಲಿಕಾಟ್ ಸಿಟಿಯ ಹೊರಗಿನ ನಮ್ಮ ಹಳೆಯ ಎಪಿಸ್ಕೋಪಲ್ ಚರ್ಚಿನ ಸಮಾಧಿಗಳ ನಡುವೆ ನಾನು ಕಳೆ ಕೀಳುತ್ತಿದ್ದೆ. ಅವರು ಕೋಟು ತೊಟ್ಟು, ಚರ್ಚು ಕಟ್ಟಿಸಿದ ಕರ್ನಲನ ಸಮಾಧಿಯ ಪಕ್ಕ ಹುಲ್ಲಿನ ಮೇಲೆ ಅಂಗಾತ ಮಲಗಿದ್ದರು.

"ಅಯ್ಯೋ, ಬಿದ್ರಾ?" ಗಾಬರಿಗೆ ಕನ್ನಡವೇ ಬಾಯಿಗೆ ಬಂತು.

"ಇಲ್ಲ ಬಾಯೇ, ಜಾಗ ನೋಡುದು. ನೆರಳು ಒಳ್ಳೇದುಂಟು," ಎಂದರು, ಏಳದೆಯೇ.

ಮಂಗಳೂರಿನ ಮಿಶನ್ ಶಾಲೆಯಲ್ಲಿ ಅವರು ಪಾಠ ಹೇಳಿದ್ದು ನಾಲ್ಕು ವರ್ಷ. ಇಲ್ಲಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ್ದು ಇಪ್ಪತ್ತೆಂಟು ವರ್ಷ. ಕರೆಯಬೇಕಾದದ್ದು ಮಾತ್ರ ಮಾಸ್ಟ್ರೆ ಎಂದು. ಮುತ್ತಜ್ಜ ಬ್ರಾಹ್ಮಣನಾಗಿದ್ದು ಕ್ರಿಸ್ತನನ್ನು ಸೇರಿದ ಕಥೆ ಹೇಳದೆ ಕಾಫಿ ಮುಟ್ಟುತ್ತಿರಲಿಲ್ಲ. ಅದರಿಂದ ಯೇಸುವಿಗೇ ದೊಡ್ಡ ಉಪಕಾರವಾಯಿತು ಎನ್ನುವ ಧಾಟಿ.

ಭಾನುವಾರ ಆರಾಧನೆ ಮುಗಿದ ಮೇಲೆ ಬಂದವರಿಗೆ ಚರ್ಚಿನ ಚರಿತ್ರೆ ಹೇಳುತ್ತಿದ್ದರು. ೧೭೪೧ರಲ್ಲಿ ಕಟ್ಟಿದ್ದು, ಆಗ ಪಾದ್ರಿಗೆ ಸಂಬಳ ಹೊಗೆಸೊಪ್ಪಿನಲ್ಲಿ, ದೇಶ ಸ್ವತಂತ್ರವಾದಾಗ ಪ್ರಾರ್ಥನೆಯಿಂದ ಇಂಗ್ಲೆಂಡಿನ ರಾಜನ ಹೆಸರು ತೆಗೆದರು. ಸಮಾಧಿಗಳ ಸುತ್ತಿನ ಗೋಡೆ ತೋರಿಸಿ "ಕರ್ನಲ್ ಸಾಹೇಬರು ಸ್ವತಃ ಕಟ್ಟಿದ ಗೋಡೆ" ಎನ್ನುತ್ತಿದ್ದರು. ಇಟ್ಟಿಗೆಯಲ್ಲಿ ಗುಲಾಮರ ಬೆರಳಚ್ಚು ಹನ್ನೊಂದು ಕಡೆ ಉಂಟು, ನಾನು ಎಣಿಸಿದ್ದೇನೆ. ಕರ್ನಲನ ಕೈಯಲ್ಲಿ ಅಷ್ಟು ಬೆರಳು ಇದ್ದಿರಲಾರದು.

ಮಾಸ್ಟ್ರ ಆಸೆ ಒಂದೇ: ಸತ್ತ ಮೇಲೆ ಆ ಗೋಡೆಯೊಳಗೆ ಮಲಗಬೇಕು. ಚರ್ಚಿನ ಕಮಿಟಿಯ ನಿಯಮವೂ ಒಂದೇ: ಬಂಧುಗಳು ಎಲ್ಲಿ ಮಲಗಿದ್ದಾರೋ ಅಲ್ಲೇ ಜಾಗ. ಬಂಧುಗಳಿಲ್ಲದವರಿಗೆ ಹೆದ್ದಾರಿಯ ಆಚೆ ಹೊಸ ಸ್ಮಶಾನ.

ಬಂಧುವೊಬ್ಬನನ್ನು ಹುಡುಕಿ ಮಾಸ್ಟ್ರು ಮೂರು ವರ್ಷ ಚರ್ಚಿನ ಹಳೆಯ ಸಮಾಧಿ ದಫ್ತರ ತಿರುವಿದರು. ೨೦೦೫ರಲ್ಲಿ ಓಡೋಡಿ ಬಂದರು.

"ಸಿಕ್ಕಿದ, ಬೇಬಿಬಾಯೇ! 'ಈಸ್ಟ್ ಇಂಡಿಯಾದ ಟಾಮ್, ಕರ್ನಲನ ಆಳು, ೧೭೬೮.' ಈಸ್ಟ್ ಇಂಡಿಯಾ ಅಂದ್ರೆ ಆಗ ನಮ್ಮ ಇಂಡಿಯಾವೇ. ನಮ್ಮ ಕಡೆಯವ!"

"ಆಳಾ? ನಿಮ್ಮ ಬ್ರಾಹ್ಮಣ ಮುತ್ತಜ್ಜ ಒಪ್ಪಿಯಾರಾ ಮಾಸ್ಟ್ರೆ?"

"ನೀವು ಸುಮ್ಮನಿರಿ ಮಾರಾಯ್ರೆ. ಜಾಗದ ವಿಷಯ ಇದು."

ಟಾಮ್ ತಮ್ಮ ವಂಶದವನೆಂದು ಎರಡು ಪುಟ ಬರೆದು ಕೊಟ್ಟರು. ಕಮಿಟಿಯ ಮುದುಕಿ ಕನ್ನಡಕ ಏರಿಸಿ ಅದನ್ನೂ ದಫ್ತರವನ್ನೂ ಓದಿದಳು. ಮಾಸ್ಟ್ರು ಓದದೆ ಬಿಟ್ಟ ಒಂದು ಸಾಲು ಕೆಳಗಿತ್ತು: ಹೂಳಿದ್ದು ಬಡಗು ಗೋಡೆಯ ಹೊರಗೆ. ಮಾಸ್ಟ್ರ ಕೈ ಕುಲುಕಿ, ಬಂಧು ಸಿಕ್ಕಿದ್ದಕ್ಕೆ ಅಭಿನಂದನೆ ಹೇಳಿ, ಹೊರಗೆ ಟಾಮನ ಪಕ್ಕ ಜಾಗ ಬರೆದುಕೊಟ್ಟಳು. ಇನ್ನು ಬಂಧುವಲ್ಲ ಎನ್ನುವ ಹಾಗಿರಲಿಲ್ಲ: ಮಾಸ್ಟ್ರದೇ ಎರಡು ಪುಟ, ಕೆಳಗೆ ಅವರದೇ ರುಜು.

೨೦೦೬ರ ನವೆಂಬರಿನಲ್ಲಿ ಆಸ್ಪತ್ರೆಗೆ ಹೋಗಿ ನೋಡಿದೆ. ಉಸಿರು ಎಳೆದು ಎಳೆದು ಬರುತ್ತಿತ್ತು. ಬೈಬಲ್ ಓದಿ ಹೇಳಲೇ ಎಂದೆ. ಬೇಡ ಎಂದು ಕೈ ಅಲ್ಲಾಡಿಸಿದರು. ಬಾಗಿಲು ಮುಚ್ಚಿದೆಯೋ ಎಂದು ನೋಡಿ ನನ್ನನ್ನು ಹತ್ತಿರ ಕರೆದರು.

"ಕಳೆ ಕೀಳುವವರು ನೀವು, ಹಳೇ ಗುಂಡಿಗಳ ಮೇಲೆ ನೆಲ ಎಲ್ಲಿ ಕುಸಿದದ್ದು ಅಂತ ನಿಮಗೆ ಗೊತ್ತುಂಟು. ಸರಿಯಾಗಿ ಹೇಳಿ ಬೇಬಿಬಾಯೇ, ಆ ಟಾಮನ ಕಾಲು ನನ್ನ ತಲೆಯ ಕಡೆ ಬರುದಿಲ್ಲವಲ್ಲ?"