ಹುಟ್ಟುಬಂಡೆ ಅಲ್ಲದ ಕಲ್ಲು

ಬಂಡೆಗಳ ವಯಸ್ಸು ಹೇಳುವುದು ನನ್ನ ಕೆಲಸ. ಗ್ರಾನೈಟ್ ಕಲ್ಲನ್ನು ಪುಡಿ ಮಾಡಿ, ಅದರೊಳಗಿನ ಜಿರ್ಕಾನ್ ಎಂಬ ಸಣ್ಣ ಹರಳುಗಳನ್ನು ಹೆಕ್ಕಿ, ಅವುಗಳಲ್ಲಿ ಎಷ್ಟು ಯುರೇನಿಯಂ ಸೀಸವಾಗಿದೆ ಎಂದು ಅಳೆದರೆ ಆ ಕಲ್ಲು ಯಾವಾಗ ಗಟ್ಟಿಯಾಯಿತೆಂದು ಗೊತ್ತಾಗುತ್ತದೆ. ಎರಡು ಭೂಖಂಡಗಳು ಡಿಕ್ಕಿ ಹೊಡೆದರೆ ಮೇಲೆ ಪರ್ವತ ಏಳುತ್ತದೆ, ಆಳದಲ್ಲಿ ಕಲ್ಲು ಕರಗುತ್ತದೆ. ಪರ್ವತ ಸವೆದುಹೋದ ಮೇಲೆ ಅದರ ಕತೆ ಹೇಳಲು ಉಳಿಯುವುದು ಆ ಗ್ರಾನೈಟು. ರಾಮನಗರದ ಬಂಡೆಗಳಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ. ನನ್ನ ಅಳತೆ ತಪ್ಪುವುದಿಲ್ಲ ಎಂಬ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ.

ಪಿಎಚ್‌ಡಿಯ ಕೊನೆಯ ವರ್ಷ ಇನ್ನೊಂದೇ ಒಂದು ಸ್ಯಾಂಪಲ್ ಬೇಕಿತ್ತು. ಬನಶಂಕರಿಯ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗುವಷ್ಟು ದೂರ, ವಸಂತಪುರದ ಖಾಲಿ ಸೈಟೊಂದರಲ್ಲಿ ಎಮ್ಮೆ ಮಲಗಿದಷ್ಟು ದೊಡ್ಡ ಕಲ್ಲಿತ್ತು. ಅರ್ಧ ಮಣ್ಣಿನಲ್ಲಿ ಹೂತಿತ್ತು, ಬಣ್ಣ ರಾಮನಗರದ ಬಂಡೆಯ ಹಾಗೇ ನಸುಗೆಂಪು. ಸೈಟಿನ ಯಜಮಾನಿ ಹಳೇ ಊರಿನ ರೈತರ ಮನೆಯ ಅಜ್ಜಿ, ಈಗ ಮೂರು ಬಾಡಿಗೆ ಮನೆಗಳ ಓನರ್. "ಒಡ್ಕೊಳಮ್ಮ, ಆ ಕಲ್ಲು ಏನು ಅಂತಂದ್ರೆ..." ಎಂದು ಶುರು ಮಾಡಿದರು. "ಲೇಟ್ ಆಯ್ತು ಅಜ್ಜಿ" ಎಂದು ತುಂಡು ಒಡೆದುಕೊಂಡು ಬಂದುಬಿಟ್ಟೆ.

ಅಳೆದರೆ ಎಂಬತ್ತು ಕೋಟಿ ವರ್ಷ. ಇನ್ನೆರಡು ಸಲ ಅಳೆದೆ, ಅದೇ ಉತ್ತರ. ಬೆಂಗಳೂರಿನ ನೆಲದಲ್ಲಿ ಇಷ್ಟು ಎಳೆಯ ಗ್ರಾನೈಟೇ? ಹಾಗಿದ್ದರೆ ಇಲ್ಲಿ ಇನ್ನೊಂದು ಡಿಕ್ಕಿ ಆಗಿರಬೇಕು, ಇನ್ನೊಂದು ಪರ್ವತ ಎದ್ದಿರಬೇಕು. ಹದಿನೈದು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. "ಇದು ನಿಂತರೆ ನಿನ್ನ ಹೆಸರು ನಿಲ್ಲುತ್ತೆ" ಎಂದರು ಗೈಡ್. ಮುಂದಿನ ವಾರಕ್ಕೇ ಸೆಮಿನಾರ್ ನಿಗದಿಯಾಯಿತು.

ಸ್ಲೈಡಿಗೆ ಒಂದು ಫೋಟೋ ಬೇಕೆಂದು ಭಾನುವಾರ ಬೆಳಿಗ್ಗೆ ಮತ್ತೆ ಸೈಟಿಗೆ ಹೋದೆ. ಅಜ್ಜಿ ಪಕ್ಕಕ್ಕೆ ಬಂದು ನಿಂತರು.

"ಮಿಷಿನ್ನಲ್ಲಿ ಅಳೆದಾಯ್ತು, ನಿಮ್ಮ ಹುಟ್ಟುಬಂಡೆ ಫೇಮಸ್ ಆಗತ್ತೆ ಅಜ್ಜಿ" ಎಂದೆ.

"ಹುಟ್ಟುಬಂಡೆ ಎಲ್ಲಿಂದ ಬಂತಮ್ಮ? ಇದು ನಮ್ಮ ಯಜಮಾನ್ರು ಲಾರೀಲಿ ತರ್ಸಿದ್ದು."

ಇದ್ದಲ್ಲೇ ಹುಟ್ಟಿ, ನೆಲದೊಳಗೆ ಬೇರು ಬಿಟ್ಟಿರುವುದೇ ಹುಟ್ಟುಬಂಡೆ. ಕಲ್ಲು ಅಲ್ಲಿಯದೇ ಎಂದು ಖಾತ್ರಿ ಮಾಡಿಕೊಳ್ಳದೆ ಸುತ್ತಿಗೆ ಎತ್ತಬೇಡಿ ಎಂದು ಜೂನಿಯರ್‌ಗಳಿಗೆ ಪಾಠ ಮಾಡಿದವಳು ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

"ಎಲ್ಲಿಂದ ತರ್ಸಿದ್ರು?" ಎಂದು ಕೇಳಿದೆ.

"ಮೈಸೂರಿಂದ. ಚಾಮುಂಡಿ ಬೆಟ್ಟದ ಕಡೆ ಕಲ್ಲಲ್ಲೇ ನಮ್ಮೂರಿಗೆ ಬಸವಣ್ಣನ್ನ ಕೆತ್ತಿಸ್ಬೇಕು ಅಂತ ಅವ್ರಿಗೆ ಹಟ. ಕೆತ್ತೋನು ಬಿರುಕಿದೆ ಅಂತ ಬಿಟ್ಟೋದ. ಆಮೇಲೆ ನಮ್ಮ ಮೈದುನ, ಇದು ಮೈಸೂರು ಕಲ್ಲೇ ಅಲ್ಲ, ರಾಮನಗರದ್ದು ತಂದು ಟೋಪಿ ಹಾಕವ್ರೆ ಅಂತ ಊರೆಲ್ಲ ಆಡ್ಕೊಂಡ. ನಮ್ಮ ಯಜಮಾನ್ರು ಸಾಯೋವರ್ಗೂ ಈ ಕಲ್ಲಿನ ಕಡೆ ತಿರುಗಿ ನೋಡ್ಲಿಲ್ಲ."

ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು ಎಂಬತ್ತು ಕೋಟಿ ವರ್ಷವೆಂದು ನಮ್ಮ ವಿದ್ಯೆಯವರಿಗೆಲ್ಲ ಗೊತ್ತು. ನನ್ನ ಅಳತೆ ಸರಿಯಾಗಿಯೇ ಇತ್ತು. ಸುಳ್ಳಾದದ್ದು ನಾನು ಎಬ್ಬಿಸಿದ ಪರ್ವತ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತದೆ ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ನಿನ್ ಮಿಷಿನ್ನು ಏನಂತದಮ್ಮ? ರಾಮನಗರದ್ದೇನಾ?" ಅಜ್ಜಿ ಮೆಲ್ಲಗೆ ಕೇಳಿದರು. ನನ್ನ ಮುಖ ನೋಡುತ್ತಿರಲಿಲ್ಲ, ಕಲ್ಲನ್ನೇ ನೋಡುತ್ತಿದ್ದರು.

"ಅಲ್ಲ ಅಜ್ಜಿ. ಮೈಸೂರಿಂದೇ. ತಾತ ಮೋಸ ಹೋಗಿರ್ಲಿಲ್ಲ."

"ಖಂಡಿತಾನಾ?"

"ಖಂಡಿತ."

"ನಾಲ್ಕು ಜನರ ಮುಂದೆ ಹೇಳ್ತೀಯಾ?"

ಸೆಮಿನಾರಿನಲ್ಲೇ ಹೇಳುತ್ತೇನೆ ಎಂದೆ. ದಿನ, ಜಾಗ ಎಲ್ಲ ಕೇಳಿಕೊಂಡರು.

ಸೆಮಿನಾರಿನ ದಿನ ಅಜ್ಜಿ ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕೋಲು ಹಿಡಿದ ಮುದುಕರು, ಅದೇ ಮೈದುನ. ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ವಸಂತಪುರದ ಸ್ಲೈಡ್ ಬಂದಾಗ ಗೈಡ್ ಕಡೆಗೆ ತಿರುಗದೆ, ಹಿಂದಿನ ಸಾಲಿಗೆ ಕೇಳುವಂತೆ ಕನ್ನಡದಲ್ಲೇ ಹೇಳಿದೆ: "ಈ ಕಲ್ಲು ಮೈಸೂರಿಂದು. ತಂದವರು ಸರಿಯಾಗೇ ತಂದಿದ್ರು. ತಪ್ಪು ತಿಳ್ಕೊಂಡಿದ್ದು ನಾನು."