ನೌಮೆತಾ ನೆಂಟಳಾಗಿ ಬಂದಳು

ನಮ್ಮ ದ್ವೀಪದ ಯಾಸೂರ್ ಬೆಟ್ಟ ಗುಡುಗಿದರೆ ಊರಿನ ನಾಯಿಗಳೂ ತಲೆ ಎತ್ತುವುದಿಲ್ಲ. ಎತ್ತುವವರು ಪ್ರವಾಸಿಗಳು. ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬಂದು, ಬೆಟ್ಟದ ಬಾಯಿಯ ಅಂಚಿನಲ್ಲಿ ನಿಂತು, ಅದು ಬೆಂಕಿ ಉಗುಳುವುದನ್ನು ಕಣ್ತುಂಬಾ ನೋಡಿ, ಮೈಗೆಲ್ಲ ಬೂದಿ ಮೆತ್ತಿಕೊಂಡು ನಗುನಗುತ್ತಾ ಇಳಿಯುತ್ತಾರೆ. ಇಳಿದವರಿಗೆ ಲಾಪ್‌ಲಾಪ್ ಬಡಿಸುತ್ತಿದ್ದವಳು ನೌಮೆತಾ. ಗೆಣಸು ತುರಿದು, ತೆಂಗಿನಹಾಲು ಹಿಂಡಿ, ಎಲೆಯಲ್ಲಿ ಸುತ್ತಿ ಕಾದ ಕಲ್ಲುಗಳ ನಡುವೆ ಬೇಯಿಸುವುದು ಅವಳ ಕೆಲಸ. ಮದುವೆಯಾಗಿ ಬಂದಾಗಿನಿಂದ ಮೊಮ್ಮಕ್ಕಳನ್ನು ಕಾಣುವವರೆಗೂ ಅದನ್ನೇ ಮಾಡಿದಳು. ಬೂದಿ ಬಿದ್ದರೆ ಎಲೆ ಕೊಡವುತ್ತಿದ್ದಳು, ಅಷ್ಟೇ. ಬೆಟ್ಟ ಮಾತ್ರ ಹತ್ತಿರಲಿಲ್ಲ.

ನಮ್ಮಲ್ಲಿ ಸುಮ್ಮಸುಮ್ಮನೆ ಹತ್ತುವುದಿಲ್ಲ. ಸತ್ತವರು ಹೋಗಿ ನೆಲೆಸುವುದು ಅಲ್ಲೇ. ಬದುಕಿರುವವರಲ್ಲಿ ದಾರಿ ತೋರಿಸುವ ಗಂಡಸರು ಹೋಗುತ್ತಾರೆ, ನೆಂಟರು ಹೋಗುತ್ತಾರೆ. ಮನೆಯವರಿಗೆ ಅಲ್ಲೇನು ಕೆಲಸ?

ಗಂಡ ತೀರಿಕೊಂಡ ಮರುವರ್ಷ ಅವಳು ಮೈದುನ ಕೌಕರೆಯನ್ನು ಕೇಳಿಯೇಬಿಟ್ಟಳು. ಬೆಟ್ಟ ಕಾಯುವ ಮನೆತನಕ್ಕೆ ಈಗ ಅವನೇ ಹಿರಿಯ. ಅವನು ಹೂಂ ಅನ್ನದೆ ಯಾರೂ ಮೇಲೆ ಕಾಲಿಡುವಂತಿಲ್ಲ.

"ನಾನೂ ಒಂದ್ಸಲ ಮೇಲೆ ಹೋಗಿ ಬರ್ತೀನಿ ಕಣಪ್ಪ."

"ಯಾಕತ್ತಿಗೆ, ಅಣ್ಣ ನೆನಪಾದ್ನಾ?"

"ನಿಮ್ಮಣ್ಣನ ಗೊರಕೆ ಇಷ್ಟು ವರ್ಷ ಪಕ್ಕದಲ್ಲೇ ಮಲಗಿ ಕೇಳಿದೀನಿ. ಅದನ್ನ ಕೇಳೋಕೆ ಬೆಟ್ಟ ಬೇರೆ ಹತ್ತಬೇಕಾ? ಸುಮ್ನೆ ಹೋಗ್ಬೇಕು, ನೋಡೋಕೆ. ಆ ಬಿಳಿ ಹೆಂಗಸ್ರು ಹೋಗಲ್ವಾ, ಹಂಗೆ."

"ಅವ್ರು ನೆಂಟ್ರು. ನೀನು ಮನೆಯವ್ಳು."

"ನೆಂಟ್ರಾದ್ರೆ ಬಿಡ್ತೀಯಾ?"

"ನೆಂಟ್ರಿಗೆ ಬೇಡ ಅನ್ನೋಕೆ ನಾನ್ಯಾರು? ಹೋಗತ್ತಿಗೆ, ಒಲೆ ಹತ್ರ ಸೀದ ವಾಸ್ನೆ ಬರ್ತಿದೆ."

ನೌಮೆತಾ ಹೋದಳು. ಒಲೆಯ ಹತ್ತಿರಕ್ಕಲ್ಲ. ಗಂಟು ಕಟ್ಟಿಕೊಂಡು ದ್ವೀಪದ ಆ ಮಗ್ಗುಲಿನ ತವರಿಗೆ ಹೋದಳು. ಮುನಿಸಿಕೊಂಡಳೆಂದು ನಾವೆಲ್ಲ ಅಂದುಕೊಂಡೆವು.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಅವಳ ತಮ್ಮ ಸಿಯಾಕ್ ನಮ್ಮೂರಿಗೆ ಬಂದ. ಹೆಗಲ ಮೇಲೆ ತೋಳಿನಷ್ಟು ದಪ್ಪದ, ಅರೆದು ಕುಡಿದರೆ ಅಮಲೇರುವ ಕಾವಾ ಬೇರು, ಕಂಕುಳಲ್ಲಿ ಒಂದು ಕೆಂಪು ಹುಂಜ. ಆಲದ ಮರದ ಕೆಳಗಿನ ಅಂಗಳದಲ್ಲಿ ಗಂಡಸರು ಕಾವಾ ಕುಡಿಯುವ ಹೊತ್ತು. ಹೆಂಗಸರು ಆಗ ಅತ್ತ ಸುಳಿಯುವಂತಿಲ್ಲ. ಅಲ್ಲಿ ನಡೆದದ್ದನ್ನು ನನ್ನ ಗಂಡ ಬಂದು ಹೇಳಿದ್ದು.

"ನಮ್ಮೂರಿಂದ ನೆಂಟ್ರೊಬ್ರು ಬಂದಿದಾರೆ. ಬೆಟ್ಟ ನೋಡ್ಬೇಕಂತೆ," ಎಂದು ಸಿಯಾಕ್ ಬೇರನ್ನೂ ಹುಂಜವನ್ನೂ ಕೌಕರೆಯ ಮುಂದಿಟ್ಟ.

ನೆಂಟರು ಯಾರು ಅಂತ ಮೊದಲು ಕೇಳಬೇಕು. ಬೇರು ಮುಟ್ಟುವುದು ಆಮೇಲೆ. ಆದರೆ ಆ ಬೇರಿನ ಗಾತ್ರ ನೋಡಿಯೇ ಕೌಕರೆಗೆ ಅರ್ಧ ಅಮಲು ಏರಿತ್ತು. "ಬರ್ಲಿ, ಬರ್ಲಿ!" ಅಂದ. ಅರೆಸಿದ, ಕುಡಿದ, ವಾಡಿಕೆಯಂತೆ ಕೊನೆಯ ಗುಟುಕನ್ನು ಬೆಟ್ಟದ ಕಡೆಗೆ ಉಗುಳಿ, "ನಾಳೆ ನಮ್ಮ ನೆಂಟ್ರು ಬರ್ತಾರೆ, ಜೋಪಾನವಾಗಿ ನೋಡ್ಕೊಳ್ಳಿ" ಎಂದು ಅಲ್ಲಿ ನೆಲೆಸಿದ ಹಿರಿಯರಿಗೆ ಒಪ್ಪಿಸಿದ. ಸತ್ತವರಿಗೆ ಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳುವವರುಂಟೇ?

ಆಗ ಸಿಯಾಕ್ ಪಿಸುಗುಟ್ಟಿದ: "ನೆಂಟ್ರು ಅಂದ್ರೆ ನಮ್ಮಕ್ಕ."

ಕಾವಾ ಒಳಗೆ ಇಳಿದ ಮೇಲೆ ನಮ್ಮ ಅಂಗಳದಲ್ಲಿ ಯಾರೂ ದನಿ ಎತ್ತುವುದಿಲ್ಲ. ಕೌಕರೆಯ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಸುತ್ತ ಕೂತವರು ನಗು ತಡೆದು ತಡೆದು ಹೊಟ್ಟೆ ಹಿಡಿದುಕೊಂಡಿದ್ದರಂತೆ.

ಮಾರನೆಯ ಮಧ್ಯಾಹ್ನ ನೌಮೆತಾ ಹೂವಿನ ಹೊಸ ನಿಲುವಂಗಿ ತೊಟ್ಟು, ಕಿವಿಗೆ ದಾಸವಾಳ ಸಿಕ್ಕಿಸಿಕೊಂಡು ಪ್ರವಾಸಿಗಳ ನಡುವೆ ನಿಂತಿದ್ದಳು.

"ಬೆಟ್ಟ ಇವತ್ತು ಸಿಟ್ಟಲ್ಲಿದೆ, ಅತ್ತಿಗೆ," ಎಂದು ಕೌಕರೆ ಕೊನೆಯದಾಗಿ ರಾಗ ಎಳೆದ.

"ಇವ್ರಿಗೆಲ್ಲ ಬೇಡ ಅಂದ್ರೆ ನಂಗೂ ಬೇಡ. ಇವ್ರಿಗೆ ಹೂಂ ಅಂದ್ರೆ ನಂಗೂ ಹೂಂ. ನಡಿ ಮುಂದೆ."

ಅವನು ಮುಂದೆ ನಡೆದ. ಮೇಲೆ ಏನಾಯಿತೆಂದು ಆಮೇಲೆ ಅವನೇ ಹೇಳಿದ. ಹೊತ್ತು ಮುಳುಗುವಾಗ ಬೆಟ್ಟ ಒಮ್ಮೆ ಸರಿಯಾಗಿ ಆರ್ಭಟಿಸಿತಂತೆ. ಡಾರ್ಸಿ ಎಂಬ ಎತ್ತರದ ಆಸ್ಟ್ರೇಲಿಯಾದವನು ಬೆನ್ನು ತಿರುಗಿಸಿ ಓಡಲು ಹೊರಟ. ಕಲ್ಲು ಹಾರುವಾಗ ಬೆನ್ನು ತಿರುಗಿಸಿದರೆ ಅದು ಎಲ್ಲಿ ಬೀಳುತ್ತದೆಂದು ಯಾರು ನೋಡಬೇಕು? ನೌಮೆತಾ ಅವನ ರಟ್ಟೆ ಹಿಡಿದು ನಿಲ್ಲಿಸಿ, ಗದ್ದ ಹಿಡಿದೆತ್ತಿ, "ಮೇಲೆ ನೋಡೋ ಮಗನೇ!" ಅಂದಳು. ಭಾಷೆ ಬಾರದವನೂ ನೋಡಿದ. ಕೆಂಡದ ಕಲ್ಲುಗಳು ಆಕಾಶಕ್ಕೇರಿ, ಆತುರವಿಲ್ಲದೆ ತಿರುಗಿ, ಮತ್ತೆ ಬಾಯೊಳಕ್ಕೇ ಬಿದ್ದವು. ನೌಮೆತಾ ಗಟ್ಟಿಯಾಗಿ ನಕ್ಕಳು. ಮದುಮಗಳಾಗಿ ಬಂದ ಹೊಸದರಲ್ಲಿ ಹಾಗೆ ನಗುತ್ತಿದ್ದಳಂತೆ.

"ಅಲ್ಲ ಕಣೋ ಕೌಕರೆ, ಇಂಥದ್ದನ್ನ ಬೆನ್ನ ಹಿಂದೆ ಇಟ್ಕೊಂಡು ಗೆಣಸು ತುರೀತಾ ಕೂತಿದ್ನಲ್ಲೋ!"

ಇಳಿದು ಬಂದವಳು ಒಲೆಯ ಕಡೆ ಹೋಗಲಿಲ್ಲ. ಪ್ರವಾಸಿಗಳು ಕೂರುವ ಮರದ ದಿಮ್ಮಿಯ ಮೇಲೆ ಕಾಲು ಚಾಚಿ ಕೂತಳು. "ನೆಂಟ್ರಿಗೆ ಊಟ ಇಲ್ವಾ?"

ನೆಂಟರಿಗೆ ಬಡಿಸಬೇಕಾದವನು ಅವರನ್ನು ಕರೆದ ಮನೆಯ ಹಿರಿಯ. ಸೊಸೆಯಂದಿರು ಬೇಕೆಂದೇ ತೋಟಕ್ಕೆ ಹೋಗಿದ್ದರಿಂದ ಕೌಕರೆಯೇ ಬೆಳಿಗ್ಗೆ ಲಾಪ್‌ಲಾಪ್ ಹೂತಿಟ್ಟಿದ್ದ. ಒಂದು ಮಗ್ಗುಲು ಹಸಿ, ಇನ್ನೊಂದು ಮಗ್ಗುಲು ಸೀದಿತ್ತು. ನೌಮೆತಾ ನಿಧಾನವಾಗಿ ಅಗಿದಳು.

"ಹೆಂಗಿದೆ ಅತ್ತಿಗೆ?" ಅವನ ದನಿ ಸಣ್ಣಗಾಗಿತ್ತು.

"ಅದನ್ನೆಲ್ಲ ನೆಂಟ್ರು ಹೇಳ್ಬಾರ್ದು," ಎಂದು ಅವಳು ಎಲೆ ಮುಂದೆ ಚಾಚಿದಳು. "ಇನ್ನೊಂಚೂರು ಹಾಕು."

ಈಗ ಸಿಯಾಕನ ತೋಟದ ಬೇರಿಗೆ ನಮ್ಮೂರ ಹೆಂಗಸರೇ ಗಿರಾಕಿಗಳು. ಗೆಣಸಿನ ಸುಗ್ಗಿ ಮುಗಿದರೆ ನಾನೂ ಒಮ್ಮೆ ತವರಿಗೆ ಹೋಗಿ ಬರುತ್ತೇನೆ.