ಒದ್ದೆ ರಟ್ಟಿನ ವಾಸನೆ

ಲವೀನಾ, ಆ ಭಾನುವಾರ ನಿಮ್ಮ ಬಾಟಲಿಯ ವೈನನ್ನು ಮೂಸಿ ನಾನು ಅಷ್ಟೆಲ್ಲ ವರ್ಣಿಸಿದೆನಲ್ಲ — ಆಗ ನನ್ನ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಗುಲಾಬಿಯೂ ಇಲ್ಲ, ಡಾಂಬರೂ ಇಲ್ಲ. ಪಕ್ಕದಲ್ಲಿ ಚಪ್ಪಲಿ ಸುಟ್ಟಿದ್ದರೂ ಗೊತ್ತಾಗುತ್ತಿರಲಿಲ್ಲ. ಅದನ್ನು ಮುಚ್ಚಿಡಲು ಎಲ್ಲರೆದುರು ನಿಮ್ಮನ್ನು ನಗೆಪಾಟಲು ಮಾಡಿದೆ. ಮೂರು ವರ್ಷ ದಾಟಿತು, ಈಗ ಹೇಳುತ್ತಿದ್ದೇನೆ.

ಬರುವ ಶನಿವಾರ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ ನಿಮ್ಮ ಹೊಸ ಮನೆಯ ಬ್ಲೆಸ್ಸಿಂಗ್, ಪಾದ್ರಿಗಳು ಬಂದು ಹರಸುವ ಗೃಹಪ್ರವೇಶ, ಇದೆ. ನಾವು ಸಿಡ್ನಿಯವರೆಲ್ಲ ಬರುತ್ತಿದ್ದೇವೆ. ಊಟಕ್ಕೆ ಮುಂಚೆ ಇದನ್ನು ಅಲ್ಲಿ ಗಟ್ಟಿಯಾಗಿ ಓದುತ್ತೇನೆ. ನಿಮ್ಮ ಹೊಸ ನೆರೆಹೊರೆಯವರೂ ಇರುತ್ತಾರಂತೆ. ಅವರಿಗಾಗಿ, ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಬರೆದುಕೊಂಡಿದ್ದೇನೆ.

ಮೈಸೂರಿನಲ್ಲಿ ನಮ್ಮದು ಊದುಬತ್ತಿ ಮಾಡುವ ಮನೆ. ಅಪ್ಪ ಮಸಾಲೆ ಕಲಸಿ ಕೈ ಮುಂದೆ ಚಾಚಿದರೆ, ಗಂಧ ಹೆಚ್ಚಾಯಿತೋ ಸಾಂಬ್ರಾಣಿ ಹೆಚ್ಚಾಯಿತೋ ನಾನು ಹೇಳಬೇಕಿತ್ತು. ಆ ಮೂಗನ್ನೇ ಹೊತ್ತು ಸಿಡ್ನಿಗೆ ಬಂದೆ. ನಾರ್ವೆಸ್ಟ್‌ನ ಆಫೀಸಿನ ಪಾರ್ಟಿಯೊಂದರಲ್ಲಿ ಬರೋಲೋ ಎಂಬ ಇಟಲಿಯ ಕೆಂಪು ವೈನ್ ಮೂಸಿ ಮರುಳಾದೆ. ಅದರಲ್ಲೂ ಒಂದೇ ತೋಟದ ದ್ರಾಕ್ಷಿಯಿಂದ ಮಾಡಿದ್ದು — ಪಕ್ಕದ ತೋಟದ ಒಂದು ಗೊಂಚಲನ್ನೂ ಸೇರಿಸುವುದಿಲ್ಲ, ತೋಟದ ಹೆಸರನ್ನೇ ಲೇಬಲ್ ಮೇಲೆ ಬರೆಯುತ್ತಾರೆ. ನಾವು ಬರೀ ಬಾಳೆಹಣ್ಣು ಎನ್ನದೆ ನಂಜನಗೂಡು ರಸಬಾಳೆ ಎನ್ನುತ್ತೇವಲ್ಲ, ಹಾಗೆ.

ಹೀಗೆ ಹುಟ್ಟಿದ್ದು ನಮ್ಮ ಭಾನುವಾರದ ಕೂಟ. ತಿಂಗಳಿಗೊಮ್ಮೆ, ಮಧ್ಯಾಹ್ನ, ಒಂದು ಮನೆಯವರದು ಒಂದು ಬಾಟಲಿ, ಉಳಿದವರದು ಚಕ್ಕುಲಿ ನಿಪ್ಪಟ್ಟು. ಕಟ್ಟಳೆ ಒಂದೇ: ಮೊದಲು ನಾನು ಮೂಸಿ ಹೇಳಬೇಕು, ಆಮೇಲೆ ಬೇರೆಯವರು. ‘ಮೂಗುರಾಯರು’ ಎಂದು ಹೆಸರಿಟ್ಟರು. ನಾನೂ ಉಬ್ಬಿಹೋದೆ. ನಾನು ಗುಲ್ಕಂದ್ ಎಂದರೆ ಎಲ್ಲರಿಗೂ ಗುಲ್ಕಂದ್. ನಾನು ಹೊಸ ಡಾಂಬರು ರಸ್ತೆ ಎಂದರೆ ಎಲ್ಲರಿಗೂ ಡಾಂಬರು ರಸ್ತೆ. ಎಷ್ಟು ನಗುತ್ತಿದ್ದೆವು! ಈ ದೇಶದಲ್ಲಿ ನಾನು ಅಷ್ಟು ಖುಷಿಯಾಗಿದ್ದದ್ದು ಆ ಭಾನುವಾರಗಳಲ್ಲೇ.

ಆಮೇಲೆ ಕೋವಿಡ್ ಬಂತು. ಜ್ವರ ಐದು ದಿನಕ್ಕೆ ಬಿಟ್ಟಿತು, ಮೂಗು ಮಾತ್ರ ರಜಾ ಹಾಕಿ ಹೋದದ್ದು ವಾಪಸ್ ಬರಲಿಲ್ಲ. ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೂ ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ. ಹೆಂಡತಿ ಶೈಲಜಾ ಅದನ್ನು ನನ್ನ ಸೋಮಾರಿತನ ಎಂದು ಬೈದಳು. ಬೈಸಿಕೊಂಡೆ, ನಿಜ ಹೇಳಲಿಲ್ಲ. ಊದುಬತ್ತಿ ಮನೆತನದವನು ತನಗೆ ಮೂಗಿಲ್ಲ ಎಂದು ಹೇಗೆ... ನಾಚಿಕೆ. ಬರೀ ನಾಚಿಕೆ. ಕೂಟದ ದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು, ಅಂದು ಬರಲಿದ್ದ ವೈನಿನ ವಿವರವನ್ನು ಫೋನಿನಲ್ಲಿ ಹುಡುಕಿ ಬಾಯಿಪಾಠ ಮಾಡುತ್ತಿದ್ದೆ. ಮಧ್ಯಾಹ್ನ ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದೆ. ಯಾರಿಗೂ ಅನುಮಾನ ಬರಲಿಲ್ಲ.

ಆಗ ಬಂತು ನಿಮ್ಮ ಸರದಿ. ನೀವೂ ರೋಷನ್ನೂ ಮದುವೆಯಾಗಿ ಹತ್ತು ವರ್ಷ ತುಂಬಿದ್ದಕ್ಕೆ ಎಂದು ಎತ್ತಿಟ್ಟ ಬಾಟಲಿ, ಹೆಸರಾಂತ ವೈನ್ ಮನೆತನವೊಂದರ, ಒಂದೇ ತೋಟದ ಬರೋಲೋ. ನೀವಿಬ್ಬರೇ ಕುಡಿಯಬಹುದಿತ್ತು, ನಮಗೆಲ್ಲ ಹಂಚಲು ತಂದಿರಿ. ನಿಮ್ಮ ಬಾಟಲಿ ತಾನೇ, ಸಂಭ್ರಮದಲ್ಲಿ ಕಟ್ಟಳೆ ಮರೆತು ನೀವೇ ಮೊದಲು ಮೂಸಿದಿರಿ. ಹುಬ್ಬು ಗಂಟಿಕ್ಕಿತು.

“ಇದೆಂಥ ನಾಗೇಂದ್ರಣ್ಣ, ಒದ್ದೆ ರಟ್ಟಿನ ವಾಸನೆ ಬರ್ತದಲ್ಲ?”

ಸಿಕ್ಕಿಬಿದ್ದೆ ಎಂದುಕೊಂಡೆ. ಯಾಕೆಂದರೆ — ಇದನ್ನೇ ಇಷ್ಟು ದಿನ ನುಂಗಿಕೊಂಡಿದ್ದು — ಒದ್ದೆ ರಟ್ಟಿನ ವಾಸನೆ ಎಂದರೆ ಕಾರ್ಕ್ ಕೆಟ್ಟು ವೈನ್ ಹಾಳಾಗಿದೆ ಎಂದು ಅರ್ಥ. ವೈನ್ ಬಲ್ಲವರಿಗೆಲ್ಲ ಗೊತ್ತಿರುವ ಗುರುತು ಅದು. ಅಂಗಡಿಗೆ ಹಿಂತಿರುಗಿಸಿದ್ದರೆ ಬದಲಿ ಬಾಟಲಿ ಕೊಡುತ್ತಿದ್ದರು. ನೀವು ಯಾವ ಪುಸ್ತಕವನ್ನೂ ಓದದೆ ಸರಿಯಾದ ಮಾತನ್ನೇ ಆಡಿದ್ದಿರಿ. ಹೌದೋ ಅಲ್ಲವೋ ಹೇಳಲು ನನಗೆ ಮೂಗು ಬೇಕಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಲೋಟ ಎತ್ತಿದೆ, ಕಣ್ಣು ಮುಚ್ಚಿದೆ.

“ಅಯ್ಯೋ ಲವೀನಾ, ಇದು ನಿಮ್ಮನೆ ಕ್ರಿಸ್ಮಸ್ ವೈನ್ ಅಲ್ಲ ಕಣ್ರೀ! ಎಂಥಾ ಗುಲಾಬಿ ಪರಿಮಳ ಇದು!”

ಎಲ್ಲರೂ ಗೊಳ್ಳೆಂದರು. ಪ್ರತಿ ಕ್ರಿಸ್ಮಸ್‌ಗೆ ನೀವು ಮನೆಯಲ್ಲೇ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುವುದು ಎಲ್ಲರಿಗೂ ಗೊತ್ತಿತ್ತು. ಒಬ್ಬರಿಗೆ ಗುಲಾಬಿ ಸಿಕ್ಕಿತು, ಇನ್ನೊಬ್ಬರಿಗೆ ಗುಲ್ಕಂದ್. ನೀವು ಕೆಂಪಾದಿರಿ. ನಕ್ಕಿರಿ ಕೂಡ — ಆ ನಗು ನೆನಪಾದರೆ ನನಗೆ ಈಗಲೂ... ಲೋಟದಲ್ಲಿದ್ದದ್ದನ್ನು ಒಂದು ಹನಿ ಬಿಡದೆ ಕುಡಿದಿರಿ. ಅಂದಿನಿಂದ ಪ್ರತಿ ಕೂಟದಲ್ಲೂ ನಿಮ್ಮದು ಒಂದೇ ಮಾತು: “ಚೆನ್ನಾಗುಂಟು.” ವರ್ಷದೊಳಗೆ ರೋಷನ್‌ಗೆ ಮೆಲ್ಬರ್ನ್‌ನಲ್ಲಿ ಕೆಲಸವಾಯಿತು, ನೀವು ಹೋದಿರಿ. ನನಗೆ ಒಳಗೊಳಗೇ ನಿರಾಳವಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಮೂಗು ಬಂದದ್ದು ನೀವು ಹೋಗಿ ಬಹಳ ತಿಂಗಳಾದ ಮೇಲೆ, ಒಂದು ಬೆಳಿಗ್ಗೆ. ಶೈಲಜಾ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟಳು. ನಡುಮನೆಯಲ್ಲಿ ಕೂತಿದ್ದವನಿಗೆ ಏನೋ ಬಂದು ಮೂಗಿಗೆ ಬಡಿಯಿತು. ಇಂಗು! ಲವೀನಾ, ಇಂಗು! ಓಡಿಹೋಗಿ ಇಂಗಿನ ಡಬ್ಬಿಯನ್ನೇ ಮೂಗಿಗೆ ಒತ್ತಿಕೊಂಡೆ, ಸೌಟು ಹಿಡಿದಿದ್ದ ಹೆಂಡತಿಯನ್ನು ತಬ್ಬಿ ಕುಣಿದೆ. ಅಳುತ್ತಾ ನಗುತ್ತಾ ಅವಳಿಗೆ ಎಲ್ಲ ಹೇಳಿದೆ. “ಎರಡು ವರ್ಷ ಸೀದ ಹಾಲಿಗೆ ಬೈಸಿಕೊಂಡ್ರಲ್ಲ ರೀ, ಬಾಯಿ ಬಿಟ್ಟು ಹೇಳೋಕೇನಾಗಿತ್ತು!” ಎಂದು ಮತ್ತೊಮ್ಮೆ ಬೈದಳು. ಆ ವಾರ ನಾನು ಮನೆಯಲ್ಲಿ ಮೂಸದೆ ಬಿಟ್ಟ ವಸ್ತುವಿಲ್ಲ. ಕಾಫಿಪುಡಿ, ಸೋಪು, ಒಗೆದ ಬಟ್ಟೆ, ಪಕ್ಕದ ಮನೆಯ ನಾಯಿ. ಅಷ್ಟು ಸಂತೋಷ ಬದುಕಿನಲ್ಲಿ ಎಷ್ಟು ಸಲ ಸಿಗುತ್ತದೆ?

ಆ ಸಂತೋಷದಲ್ಲೇ ಕಾರ್ಕುಗಳ ಡಬ್ಬ ತೆಗೆದೆ. ನಮ್ಮ ಕೂಟದ ಪ್ರತಿ ಬಾಟಲಿಯ ಕಾರ್ಕನ್ನೂ ಶೈಲಜಾ ಪುಟ್ಟ ಜಿಪ್ ಕವರಿನಲ್ಲಿ ಹಾಕಿ, ಮೇಲೆ ಮನೆಯವರ ಹೆಸರು ಬರೆದು ಇಟ್ಟಿದ್ದಾಳೆ. ಒಂದೊಂದೇ ಬಿಚ್ಚಿ ಮೂಸುತ್ತಾ ಹೋದೆ, ಹಳೆಯ ಭಾನುವಾರಗಳೆಲ್ಲ ಎದ್ದು ಬಂದವು. ಆಮೇಲೆ ‘ರೋಷನ್–ಲವೀನಾ’ ಎಂದು ಬರೆದ ಕವರ್ ಬಿಚ್ಚಿದೆ.

ಒದ್ದೆ ರಟ್ಟು. ಅಷ್ಟು ದಿನವಾದರೂ, ಸ್ಪಷ್ಟವಾಗಿ.

ಆದರೂ ನಾನು ಫೋನ್ ಮಾಡಲಿಲ್ಲ. ಹಳೇ ಕತೆ, ಅವರು ಮರೆತಿರುತ್ತಾರೆ ಎಂದು ಸುಮ್ಮನಾದೆ. ಹೋದ ವಾರ ರೋಷನ್ ಬ್ಲೆಸ್ಸಿಂಗಿಗೆ ಕರೆಯಲು ಫೋನ್ ಮಾಡಿದಾಗ, ಈ ಸಲ ಲವೀನಾ ಅವರ ಕ್ರಿಸ್ಮಸ್ ವೈನ್ ಕುಡಿಸಿ ಎಂದು ತಮಾಷೆ ಮಾಡಿದೆ.

“ಅವಳು ಈಗ ವೈನ್ ಹಾಕುದೇ ಇಲ್ಲ ಮಾರಾಯ್ರೆ. ‘ನನ್ನ ಮೂಗಿಗೆ ಹಾಳಾದ್ದು ಯಾವುದು, ಒಳ್ಳೇದು ಯಾವುದು ಗೊತ್ತಾಗುದಿಲ್ಲ’ ಅಂತಾಳೆ. ಅವಳ ಅಮ್ಮ ಮಂಗಳೂರಿಂದ ಕಳಿಸಿದ ಭರಣಿ ಗ್ಯಾರೇಜಲ್ಲಿ ಖಾಲಿ ಉಂಟು, ಹಾಗೇ.”

ಆ ಭರಣಿಯ ದ್ರಾಕ್ಷಿ ವಾಸನೆಯಲ್ಲಿ ಬೆಳೆದ ಮೂಗು ನಿಮ್ಮದು. ನನಗೆ ಅಪ್ಪನ ಊದುಬತ್ತಿ ಹೇಗೋ, ನಿಮಗೆ ಅಮ್ಮನ ಭರಣಿ ಹಾಗೆ. ನನ್ನ ಮೂಗು ಕಾಯಿಲೆಯಿಂದ ಹೋಗಿತ್ತು, ಅದು ತಾನಾಗಿ ಬಂತು. ನಿಮ್ಮ ಮೂಗನ್ನು ನಾನು ಒಂದು ಮಾತಿನಿಂದ ಕೊಂದೆ. ಇದಕ್ಕೆ ಕೋವಿಡ್ ಕಾರಣವಲ್ಲ. ನಾನು ಕಾರಣ.

ಕ್ಷಮಿಸಿ ಲವೀನಾ. ಕ್ಷಮಿಸಲೇಬೇಕು ಎಂದಲ್ಲ.

ಶನಿವಾರ ಎರಡು ವಸ್ತು ತರುತ್ತಿದ್ದೇನೆ. ಒಂದು, ಆ ಕಾರ್ಕ್. ಓದಿ ಮುಗಿಸಿದ ಕೂಡಲೇ ಅದು ಕೈಯಿಂದ ಕೈಗೆ ಹೋಗಲಿ. ಅಂದು ನಕ್ಕವರೆಲ್ಲ ಮೂಸಲಿ. ಇನ್ನೊಂದು, ಅದೇ ಮನೆತನದ, ಅದೇ ತೋಟದ ಬಾಟಲಿ. ಅದನ್ನು ಮೊದಲು ಮೂಸುವವರು ನೀವು. ಹಾಳಾಗಿದೆ ಎಂದರೆ ಸಿಂಕಿಗೆ ಸುರಿಯೋಣ, ಚೆನ್ನಾಗುಂಟು ಎಂದರೆ ಕುಡಿಯೋಣ. ನೀವು ಹೇಳುವವರೆಗೆ ಮೂಗುರಾಯರು ಬಾಯಿ ತೆರೆಯುವುದಿಲ್ಲ.

ಊಟವಾದ ಮೇಲೆ ಗ್ಯಾರೇಜಿನ ಕೀ ಕೊಡಿ. ಭರಣಿ ಹೊತ್ತು ತರುವುದು ನನ್ನ ಕೆಲಸ, ತೊಳೆದು ಬಿಸಿಲಿಗಿಡುವುದೂ ನನ್ನದೇ. ನೀವು ಮತ್ತೆ ದ್ರಾಕ್ಷಿ ತುಂಬಿಟ್ಟ ಮೇಲೆ, ಮುಚ್ಚಳ ತೆಗೆದಾಗ ಹದ ಹೇಳುವುದು ನಿಮ್ಮ ಮೂಗು.